ಬಿಚ್ಚಿ ಸುತ್ತಬೇಕಾದ ಲೆಕ್ಕ

ಬೇಲೂರು
12 ಜೂನ್ 2023

ಮೇಘಶ್ರೀ,

ಬೇಲೂರಿನಿಂದ ಮಧುಕುಮಾರನ ಅಪ್ಪ ತಿಮ್ಮಯ್ಯ ಬರೆಯುತ್ತಿರುವುದು. ಏಪ್ರಿಲ್ ತಿಂಗಳಲ್ಲಿ ಅವನ ದೇಹ ತರಲು ಭುವನೇಶ್ವರಕ್ಕೆ ಬಂದಿದ್ದಾಗ ನೀನೇ ನನಗೆ ನೀರಿನ ಬಾಟಲಿ ತಂದುಕೊಟ್ಟು, 'ನಾನೂ ನಿಮ್ಮ ಜಿಲ್ಲೆಯವಳೇ, ಅರಸೀಕೆರೆ ಕಡೆಯ ಕಣಕಟ್ಟೆ' ಎಂದೆ. ಆ ಎರಡು ದಿನಗಳಲ್ಲಿ ಕಿವಿಗೆ ಬಿದ್ದ ಕನ್ನಡ ಅದೊಂದೇ. ಮಧುವಿನ ಜೊತೆಗೇ ಪಿಎಚ್‌ಡಿ ಮಾಡುತ್ತಿದ್ದವಳು, ಅವನದೇ ವಯಸ್ಸಿನವಳು, ಅದಕ್ಕೇ ನೀನು ಎನ್ನುತ್ತಿದ್ದೇನೆ, ತಪ್ಪು ತಿಳಿಯಬೇಡ.

ತಾನಾಗಿಯೇ ಜೀವ ಕಳೆದುಕೊಂಡ ಎಂದು ಪೊಲೀಸರು ಬರೆದುಕೊಟ್ಟರು. ಚೀಟಿ ಇರಲಿಲ್ಲ. ಯಾಕೆ ಎಂದು ಕೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ. ಅದು ಹಾಗಿರಲಿ, ಏನು ಓದುತ್ತಿದ್ದ ಎಂದು ಕೇಳುವವರಿಗೂ ಉತ್ತರವಿಲ್ಲ. ಹನ್ನೊಂದನೇ ದಿನ ಗೆಂಡೆಹಳ್ಳಿಯ ನಂಟರು ಕೆಂಚಯ್ಯ, 'ಏನ್ಲಾ ತಿಮ್ಮ, ನಿನ್ ಮಗ ಮೂರ್ ವರ್ಷದಿಂದ ಏನ್ ಲೆಕ್ಕ ಮಾಡ್ತಿದ್ದ?' ಎಂದರು. 'ಅಯಸ್ಕಾಂತದ್ದು' ಎಂದೆ. 'ಅದ್ರಲ್ಲಿ ಲೆಕ್ಕ ಏನೈತೆ?' ಎಂದರು. ಮೂವತ್ತೆರಡು ವರ್ಷದಿಂದ ಪಂಪ್‌ಸೆಟ್ ಮೋಟರ್ ರಿವೈಂಡಿಂಗ್ ಮಾಡಿಕೊಂಡು ಬಂದವನು ನಾನು. ತಾಮ್ರದ ತಂತಿ ಸುತ್ತಿ, ಕರೆಂಟ್ ಕೊಟ್ಟು ಅಯಸ್ಕಾಂತ ಮಾಡುವುದೇ ನನ್ನ ಕಸುಬು. ಆದರೂ ಊಟಕ್ಕೆ ಎಲೆ ಹಾಕಬೇಕು ಎಂದು ಎದ್ದುಹೋದೆ.

ನಿಮ್ಮ ಗೈಡ್ ಫೋನ್ ಮಾಡಿ, ಮಧುವಿನ ಹೆಸರಿನಲ್ಲಿ ಒಂದು ದೊಡ್ಡ ಲೇಖನ ಅಚ್ಚಾಗುತ್ತದೆ, ಅದನ್ನು ನೀನು ಬರೆದು ಮುಗಿಸುತ್ತೀಯ ಎಂದರು. ನನ್ನ ಹೆಂಡತಿ ಮುದ್ದಮ್ಮ ಆವತ್ತಿನಿಂದ ಅದೊಂದನ್ನೇ ಕಾಯುತ್ತಿದ್ದಾಳೆ. ಪೋಸ್ಟಿನವನು ಬೀದಿಗೆ ಬಂದರೆ ಎದ್ದು ನಿಲ್ಲುತ್ತಾಳೆ. ಅದು ಯಾವಾಗ ಬರುತ್ತದೆ? ಅದರಲ್ಲಿ ಏನಿದೆ? ಬರೆದು ಕಳಿಸು, ನಾಲ್ಕು ಸಲ ಓದಿಯಾದರೂ ತಿಳಿದುಕೊಳ್ಳುತ್ತೇನೆ.

ತಿಮ್ಮಯ್ಯ


ಭುವನೇಶ್ವರ
3 ಜುಲೈ 2023

ಪೂಜ್ಯರೇ,

ನಿಮ್ಮ ಕಾಗದ ಕೈಗೆ ಬಂದು ಹತ್ತು ದಿನವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮಿಸಿ.

ಮಧುವಿನ ಕೆಲಸ ಇದು. ಕಂಪ್ಯೂಟರಿನ ನೆನಪು ತೀರ ಸಣ್ಣ ಅಯಸ್ಕಾಂತಗಳಲ್ಲಿ ಇರುತ್ತದೆ. ಒಂದೊಂದನ್ನೂ ಒಂದು ಬಾಣ ಎಂದುಕೊಳ್ಳಿ. ಬಾಣ ಮೇಲಕ್ಕಿದ್ದರೆ ಒಂದು, ಕೆಳಕ್ಕಿದ್ದರೆ ಸೊನ್ನೆ. ಬಾಣದ ಉದ್ದ ಯಾವತ್ತೂ ಅಷ್ಟೇ, ದಿಕ್ಕು ಮಾತ್ರ ಬದಲಾಗುತ್ತದೆ. ಅದರ ಮೇಲೆ ಎರಡು ಬಗೆಯ ಒತ್ತಡ ಇರುತ್ತದೆ. ಒಂದು ತಡೆ, ಅಲುಗಿದ ಬಾಣವನ್ನು ನಿಧಾನಕ್ಕೆ ಅದರ ಜಾಗಕ್ಕೆ ತಂದು ನಿಲ್ಲಿಸುವುದು. ಇನ್ನೊಂದು ನಡುಕ, ಯಾವ ಕ್ಷಣಕ್ಕೆ ಎಷ್ಟು ಬರುತ್ತದೆ ಎಂದು ಯಾರೂ ಮೊದಲೇ ಹೇಳಲಾಗದ್ದು. ನಡುಕ ಗೆದ್ದ ದಿನ ಬಾಣ ತಲೆಕೆಳಗಾಗುತ್ತದೆ, ನೆನಪು ಅಳಿಸಿಹೋಗುತ್ತದೆ. ಎಷ್ಟು ಕಾಲಕ್ಕೆ ಹಾಗಾಗುತ್ತದೆ ಎಂದು ಸಮೀಕರಣ ಬರೆದು, ಕಂಪ್ಯೂಟರಿನಲ್ಲಿ ಕೋಟಿಗಟ್ಟಲೆ ಸಣ್ಣ ಹೆಜ್ಜೆಗಳಾಗಿ ನಡೆಸಿ ನೋಡುವುದು ಅವನ ಲೆಕ್ಕ.

ನಡುಕ ಒಂದೇ ದಿಕ್ಕಿನಿಂದ ಬಂದರೆ ಬಾಣ ಬೇಗ ಬೀಳುವುದಿಲ್ಲ, ಬದಲಿಗೆ ಇನ್ನೂ ಹೆಚ್ಚು ಕಾಲ ನಿಲ್ಲುತ್ತದೆ ಎಂದು ಅವನು ಕಂಡುಕೊಂಡಿದ್ದ. ಯಾರೂ ಊಹಿಸದ ವಿಷಯ ಅದು. ಡಿಸೆಂಬರಿನಲ್ಲಿ ಅದರ ಬಗ್ಗೆ ಎರಡು ಪುಟದ ಚಿಕ್ಕ ಲೇಖನ ಅಚ್ಚಾಗಿದೆ, ಮೊದಲ ಹೆಸರು ಅವನದೇ. ದೊಡ್ಡದನ್ನು ಬರೆಯುತ್ತಿದ್ದೇನೆ, ಸ್ವಲ್ಪ ಕಾಲ ಹಿಡಿಯುತ್ತದೆ.

ನಮ್ಮ ಗುಂಪಿನಲ್ಲಿ ಅವನಷ್ಟು ಚುರುಕಿನವರು ಯಾರೂ ಇರಲಿಲ್ಲ. ಅಮ್ಮನಿಗೆ ಇದನ್ನು ಹೇಳಿ.

ಮೇಘಶ್ರೀ


ಬೇಲೂರು
15 ಜುಲೈ 2023

ಮೇಘಶ್ರೀ,

ನೀನು ಬರೆದದ್ದು ಎರಡನೇ ಸಲಕ್ಕೇ ತಿಳಿಯಿತು. ಅಂಗಡಿಯ ಆಂಪಿಯರ್ ಮೀಟರಿನ ಮುಳ್ಳು ಕರೆಂಟ್ ಕೊಟ್ಟ ಕೂಡಲೇ ಆಚೆ ಈಚೆ ಹಾರಾಡಿ ಆಮೇಲೆ ನಿಲ್ಲುತ್ತದೆ. ಹಾರಾಡದ ಹಾಗೆ ಒಳಗೆ ಒಂದು ತಡೆ ಇಟ್ಟಿರುತ್ತಾರೆ. ವೋಲ್ಟೇಜ್ ಹುಚ್ಚುಹುಚ್ಚಾಗಿ ಬರುವ ದಿನ ಆ ತಡೆಯೂ ಸಾಲದು. ಕೆಂಚಯ್ಯನನ್ನು ಕರೆಸಿ ಮೀಟರ್ ತೋರಿಸಿಯೇ ವಿವರಿಸಿದೆ. 'ಇಷ್ಟಕ್ಕೆ ಮೂರ್ ವರ್ಷ ಬೇಕಾ?' ಎಂದರು. ಅವರಿಗೆ ನಿಂತ ಮುಳ್ಳು ಮಾತ್ರ ಕಾಣುತ್ತದೆ, ಬಿಡು.

ಒಂದು ಮಾತು ಮಾತ್ರ ಅರ್ಥವಾಗಲಿಲ್ಲ. ಡಿಸೆಂಬರಿನಲ್ಲೇ ಒಂದು ಅಚ್ಚಾಗಿತ್ತು ಎಂದೆಯಲ್ಲ. ನಮಗೆ ಅವನು ಹೇಳಲೇ ಇಲ್ಲ. ಸಂಕ್ರಾಂತಿಗೆ ಬಂದು ನಾಲ್ಕು ದಿನ ಇದ್ದು ಹೋದ. ಕ್ಲಾಸ್ ಟೆಸ್ಟಿನ ಅಂಕ ಹಿಡಿದು ಬಸ್ ಸ್ಟ್ಯಾಂಡಿನಿಂದ ಅಂಗಡಿಗೆ ಓಡಿಬರುತ್ತಿದ್ದವನು. ಆ ಎರಡು ಪುಟ ಕಳಿಸು, ಮುದ್ದಮ್ಮ ನೋಡಲಿ.

ಇನ್ನೊಂದು. ನೀನು ಕಡೆಯ ಎರಡು ವಾರದ ಬಗ್ಗೆ ಒಂದಕ್ಷರವನ್ನೂ ಬರೆದಿಲ್ಲ. ಮುದ್ದಮ್ಮ ನಿನ್ನ ಕಾಗದ ಓದಿಸಿಕೊಂಡು, 'ಆ ಹುಡ್ಗಿ ಅವನ್ ಮೇಲೆ ಮನ್ಸಿಟ್ಟಿದ್ಲು ಕಣ್ರೀ, ಅದ್ಕೇ ಬರೆಯೋಕೆ ಆಗ್ತಿಲ್ಲ' ಎಂದಳು. ಇದ್ದರೆ ಹೇಳು. ಜಾತಿ ಗೀತಿ ಎಂದು ನಾವು ಈಗ ಏನು ಎಣಿಸಿಕೊಂಡು ಕೂರುವುದಿದೆ. ನಮ್ಮ ಮನೆಗೆ ಬರಬೇಕಾಗಿದ್ದವಳು ಎಂದು ಗೊತ್ತಾದರೆ ಅವಳಿಗೆ ಅಷ್ಟೇ ಸಮಾಧಾನ.

ತಿಮ್ಮಯ್ಯ


ಭುವನೇಶ್ವರ
2 ಸೆಪ್ಟೆಂಬರ್ 2023

ಪೂಜ್ಯರೇ,

ಒಂದೂವರೆ ತಿಂಗಳಿನಿಂದ ಈ ಕಾಗದವನ್ನು ಬರೆದು ಬರೆದು ಹರಿಯುತ್ತಿದ್ದೇನೆ. ಅಮ್ಮ ಅಂದುಕೊಂಡದ್ದು ನಿಜವಲ್ಲ. ಅದು ನಿಜವಾಗಿದ್ದರೆ ಎಷ್ಟೋ ಒಳ್ಳೆಯದಿತ್ತು. ಮಧುವಿನ ಲೆಕ್ಕ ತಪ್ಪು. ಆ ತಪ್ಪನ್ನು ಎಲ್ಲರ ಎದುರು ಎತ್ತಿ ತೋರಿಸಿದವಳು ನಾನು.

ಮಾರ್ಚ್ 17ರಂದು ಅವನು ಗುಂಪಿನ ಮುಂದೆ ಮಾತಾಡಿದ. ಹನ್ನೆರಡು ಜನ ಇದ್ದೆವು. ಬಾಣದ ಉದ್ದ ಬದಲಾಗಬಾರದು ಎಂದು ನಿಮಗೆ ಬರೆದಿದ್ದೆನಲ್ಲ. ನಡುಕವನ್ನು ಪ್ರತಿ ಹೆಜ್ಜೆಯ ಆರಂಭದಲ್ಲಿ ಅಳೆದರೆ ಒಂದು ಫಲ ಬರುತ್ತದೆ, ಹೆಜ್ಜೆಯ ನಡುವಿನಲ್ಲಿ ಅಳೆದರೆ ಬೇರೊಂದು. ಅಯಸ್ಕಾಂತಕ್ಕೆ ನಡುವಿನದೇ ಸರಿ. ಮಧು ಆರಂಭದ್ದನ್ನು ಹಿಡಿದಿದ್ದ, ಹಾಗೆ ಹಿಡಿದರೆ ಸೇರಿಸಲೇಬೇಕಾದ ತಿದ್ದುಪಡಿ ಸೇರಿಸಿರಲಿಲ್ಲ. ಆಗ ಬಾಣ ಹೆಜ್ಜೆ ಹೆಜ್ಜೆಗೂ ಉದ್ದವಾಗುತ್ತಾ ಹೋಗುತ್ತದೆ. ಅದು ಹೊರಗೆ ಕಾಣುತ್ತಿರಲಿಲ್ಲ, ಯಾಕೆಂದರೆ ಪ್ರೋಗ್ರಾಮಿನಲ್ಲಿ ಒಂದು ಸಾಲು ಬಾಣವನ್ನು ಪ್ರತಿ ಹೆಜ್ಜೆಗೂ ಕತ್ತರಿಸಿ ಮೊದಲಿನ ಅಳತೆಗೆ ತರುತ್ತಿತ್ತು. ಎಲ್ಲ ದಿಕ್ಕಿನಿಂದಲೂ ಸಮನಾಗಿ ನಡುಗುವ ಬಾಣಕ್ಕೆ ಈ ಉಪಾಯ ನಡೆಯುತ್ತದೆ, ಬಹಳ ಜನ ಮಾಡುತ್ತಾರೆ. ಒಂದೇ ಕಡೆಯ ನಡುಕಕ್ಕೆ ನಡೆಯುವುದಿಲ್ಲ. ಆ ಕತ್ತರಿಯೇ ಬಾಣವನ್ನು ಸುಳ್ಳಾಗಿ ಒಂದು ಪಕ್ಕಕ್ಕೆ ತಳ್ಳಿ, ಬೀಳದ ಹಾಗೆ ಹಿಡಿಯುತ್ತದೆ. ಹೆಚ್ಚು ಕಾಲ ನಿಂತಿತು ಎಂಬ ಅವನ ಫಲಿತಾಂಶ ಪೂರ್ತಿ ಅದರಿಂದಲೇ ಬಂದದ್ದು.

ನನಗೆ ಇದು ಹಿಂದಿನ ದಿನವೇ ಹೊಳೆದಿತ್ತು. ಕ್ಯಾಂಟೀನಿನಲ್ಲಿ ಜೊತೆಗೇ ಟೀ ಕುಡಿದೆವು, ಅಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ಆ ವಾರ ಗೈಡ್ ಎಲ್ಲರ ಮುಂದೆ ಅವನನ್ನು ಹೊಗಳಿ, ನನ್ನ ಕಡೆ ನೋಡಿ ನಕ್ಕಿದ್ದರು. ನನಗೆ ಹೊಟ್ಟೆಕಿಚ್ಚಿತ್ತು. ಸಭೆಯಲ್ಲಿ ಕೈ ಎತ್ತಿ, 'ಆ ಸಾಲು ತೆಗೆದು ಓಡಿಸಿ ನೋಡಿದ್ದೀಯಾ?' ಎಂದೆ. ಗೈಡ್ ಅಲ್ಲೇ ಓಡಿಸು ಎಂದರು. ದೊಡ್ಡ ಪರದೆಯ ಮೇಲೆ ಬಾಣ ಬೆಳೆಯುತ್ತಾ ಚೌಕಟ್ಟು ದಾಟಿ ಹೋಯಿತು. ಯಾರೋ ನಕ್ಕರು. ಮಧು 'ಥ್ಯಾಂಕ್ಯೂ' ಎಂದು ಹೇಳಿ ಕೂತ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹದಿನೇಳು ದಿನಕ್ಕೆ ಅವನು ಇರಲಿಲ್ಲ.

ಅದೊಂದೇ ಕಾರಣ ಎಂದು ಹೇಳಲಾರೆ, ಅಲ್ಲ ಎಂದೂ ಹೇಳಲಾರೆ. ಈಗ ಗೈಡ್, 'ಸತ್ತ ಹುಡುಗನ ಹೆಸರಿನಲ್ಲಿ ಒಂದು ಲೇಖನ ಬರಲಿ, ಆ ಸಾಲಿನ ಮಾತು ಎತ್ತಬೇಡ' ಎನ್ನುತ್ತಿದ್ದಾರೆ. ಹೇಮಂತ್ ಎಂಬ ವಿದ್ಯಾರ್ಥಿ ಚೆನ್ನೈನಲ್ಲಿ ಆ ಎರಡು ಪುಟವನ್ನೇ ನಂಬಿ ಏಳೆಂಟು ತಿಂಗಳಿನಿಂದ ಪ್ರಯೋಗ ಕಟ್ಟುತ್ತಿದ್ದಾನೆ, ಅವನಿಗೂ ಯಾರೂ ಹೇಳಿಲ್ಲ. ಅಮ್ಮ ಕಾಯುತ್ತಿದ್ದಾರೆ ಎಂದು ನೀವು ಬರೆದಮೇಲೆ ನನಗೆ ಏನು ಮಾಡಬೇಕೋ ತಿಳಿಯುತ್ತಿಲ್ಲ.

ಮೇಘಶ್ರೀ


ಬೇಲೂರು
10 ನವೆಂಬರ್ 2023

ಮೇಘಶ್ರೀ ಅವರಿಗೆ,

ನಿಮ್ಮ ಕಾಗದ ಬಂತು. ಮುದ್ದಮ್ಮನಿಗೆ ಓದಿ ಹೇಳಿಲ್ಲ.

ತಪ್ಪು ಏನೆಂದು ಅರ್ಥವಾಗಿದೆ. ಮೂರು ಫೇಸ್ ಸಮವಾಗಿ ಬಂದರೆ ನಡೆಯುವ ಮೋಟರ್, ಒಂದು ಫೇಸ್ ಕೈಕೊಟ್ಟರೆ ಗುಂಯ್ ಎಂದು ನಿಂತು ಸುಡುತ್ತದೆ. ಎಲ್ಲ ಕಡೆಯಿಂದ ಬರುವಾಗ ನಡೆದದ್ದು ಒಂದೇ ಕಡೆಯಿಂದ ಬಂದಾಗ ನಡೆಯುವುದಿಲ್ಲ. ಇದನ್ನು ನನ್ನ ಮಗನಿಗೆ ಟೀ ಕುಡಿಯುತ್ತಾ ಹೇಳಲು ಎರಡು ನಿಮಿಷ ಸಾಕಾಗಿತ್ತು.

ನನಗೆ ಸಿಟ್ಟು ಬಂದಿದೆ. ಎರಡು ತಿಂಗಳು ಕಾದೆ, ಇಳಿಯಲಿಲ್ಲ. ಅವನ ಸಾಮಾನಿನ ಜೊತೆ ಬಂದಿದ್ದ ಮೂರು ನೋಟ್ ಪುಸ್ತಕಗಳನ್ನು ರಿಜಿಸ್ಟರ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಲೇಖನಕ್ಕೆ ಬೇಕಾದದ್ದು ಅದರಲ್ಲಿ ಇರಬಹುದು. ಲೇಖನ ಬರಲಿ. ನಿಮ್ಮ ಗೈಡ್ ಹೇಳಿದ ಹಾಗೇ ಬರಲಿ. ಅವನ ತಾಯಿಗೆ ಅಷ್ಟಾದರೂ ಸಿಗಲಿ. ಕೆಲಸ ಮುಗಿದ ಮೇಲೆ ಪುಸ್ತಕಗಳನ್ನು ವಾಪಸ್ ಕಳಿಸಿ.

ತಿಮ್ಮಯ್ಯ


ಭುವನೇಶ್ವರ
6 ಡಿಸೆಂಬರ್ 2023

ಪೂಜ್ಯರೇ,

ಪುಸ್ತಕಗಳು ತಲುಪಿದವು. ನೀವು ಬೈದಿದ್ದರೆ ಹಗುರವಾಗುತ್ತಿತ್ತು. ನೀವು ನನ್ನನ್ನು 'ನೀವು' ಎಂದಿರಿ, ಅದಕ್ಕಿಂತ ಬೇರೆ ಬೈಗುಳ ಬೇಕಿಲ್ಲ.

ನೀವು ಹೇಳಿದಂತೆ ಲೇಖನ ಮುಗಿಸುತ್ತೇನೆ. ಜನವರಿಯಲ್ಲಿ ಕಳಿಸಬಹುದು. ಮೂರು ಪುಸ್ತಕಗಳನ್ನೂ ಪೂರ್ತಿ ಓದಿದೆ. ಎಲ್ಲ ಇಂಗ್ಲಿಷಿನಲ್ಲಿದೆ, ಒಂದೇ ಒಂದು ಕಡೆ ಮಾತ್ರ ಕನ್ನಡ. ಎರಡನೇ ಪುಸ್ತಕದಲ್ಲಿ, ಬಾಣ ಕತ್ತರಿಸುವ ಆ ಸಾಲನ್ನು ಬರೆದು, ಪಕ್ಕದಲ್ಲಿ ಹೀಗೆ ಬರೆದಿದ್ದಾನೆ: 'ಸದ್ಯಕ್ಕೆ ವಾರ್ನಿಷ್. ಬಿಡುವಾದಾಗ ಬಿಚ್ಚಿ ಸುತ್ತಬೇಕು.' ತಾರೀಖು 9 ಆಗಸ್ಟ್ 2022. ಅಂಗಡಿಯ ಕೆಲಸ ಏನಾದರೂ ನೆನಪಾಗಿ ಗುರುತು ಹಾಕಿಕೊಂಡನೋ ಏನೋ. ಲೆಕ್ಕದ ನಡುವೆಯೂ ನಿಮ್ಮ ಅಂಗಡಿ ಅವನ ತಲೆಯಲ್ಲಿತ್ತು ಎಂದು ನಿಮಗೆ ತಿಳಿಸಬೇಕೆನ್ನಿಸಿತು.

ಮೇಘಶ್ರೀ


ಬೇಲೂರು
20 ಡಿಸೆಂಬರ್ 2023

ಮೇಘಶ್ರೀ,

ಲೇಖನ ನಿಲ್ಲಿಸು. ಈ ಕಾಗದ ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ, ಅಷ್ಟರೊಳಗೆ ಕಳಿಸಿದ್ದರೆ ವಾಪಸ್ ತರಿಸು.

ಅವನು ಬರೆದದ್ದು ಅಂಗಡಿಯ ಗುರುತಲ್ಲ. ಕಾಯಿಲ್ ಸುತ್ತುವಾಗ ಒಂದೊಂದು ಸಲ ತಂತಿಯ ಮೇಲಿನ ಇನ್ಸುಲೇಷನ್ ತರಚುತ್ತದೆ. ನೇರ ಕಸುಬುದಾರ ಅಲ್ಲಿಗೇ ಕೆಲಸ ನಿಲ್ಲಿಸಿ, ಸುತ್ತಿದ್ದಷ್ಟನ್ನೂ ಬಿಚ್ಚಿ ಹೊಸ ತಂತಿ ಹಾಕುತ್ತಾನೆ. ಅವಸರದವನು ಗಾಯದ ಮೇಲೆ ವಾರ್ನಿಷ್ ಬಳಿಯುತ್ತಾನೆ. ಹೊರಗಿನಿಂದ ಯಾರಿಗೂ ಕಾಣುವುದಿಲ್ಲ, ಟೆಸ್ಟ್ ಮಾಡಿದರೂ ಪಾಸಾಗುತ್ತದೆ, ಒಂದೆರಡು ವರ್ಷ ಓಡುತ್ತದೆ. ಆಮೇಲೆ ಅದೇ ಜಾಗದಲ್ಲಿ ಸುಡುತ್ತದೆ.

2013ರ ಬೇಸಿಗೆ. ಹಳೇಬೀಡು ಕಡೆಯ ರೈತರೊಬ್ಬರ ಮೋಟರ್. ಅಂಗಡಿ ತುಂಬ ಮೋಟರ್ ಬಿದ್ದಿದ್ದವು. ಮಧು ಪಿಯುಸಿ ರಜೆಯಲ್ಲಿ ನನ್ನ ಜೊತೆ ಕೂತಿದ್ದ. 'ಅಪ್ಪಾ, ತಂತಿ ತರಚೈತೆ' ಎಂದ. ಮೊದಲು ಕಂಡವನು ಅವನೇ. ಮುಕ್ಕಾಲು ಭಾಗ ಸುತ್ತಿಯಾಗಿತ್ತು. 'ಸದ್ಯಕ್ಕೆ ವಾರ್ನಿಷ್ ಬಳಿ, ಬಿಡುವಾದಾಗ ಬಿಚ್ಚಿ ಸುತ್ತೋಣ' ಎಂದೆ. ಬಿಡುವಾಯಿತು, ಬಿಚ್ಚಲಿಲ್ಲ. ಎರಡು ವರ್ಷಕ್ಕೆ ಮೋಟರ್ ಸುಟ್ಟು ಬಂತು. ಆ ರೈತರು, 'ಕರೆಂಟ್ ಸರಿ ಇಲ್ಲ ಕಣಪ್ಪ' ಎಂದು ಬೈದರು. ನಾನು ಹೌದೌದು ಎಂದೆ. ಮಧು ಪಕ್ಕದಲ್ಲೇ ಇದ್ದ, ನನ್ನ ಮುಖ ನೋಡಿದ.

ಆದ್ದರಿಂದ ಕೇಳು. ನೀನು ಕೈ ಎತ್ತುವುದಕ್ಕೆ ಏಳು ತಿಂಗಳು ಮೊದಲೇ ಅವನಿಗೆ ಗೊತ್ತಿತ್ತು. ಗೊತ್ತಿದ್ದೇ ಆ ಎರಡು ಪುಟ ಅಚ್ಚು ಹಾಕಿಸಿದ. ಅದಕ್ಕೇ ಸಂಕ್ರಾಂತಿಗೆ ಬಂದಾಗ ನಮಗೆ ಹೇಳಲಿಲ್ಲ. ನೂಲಿನಂತೆ ಸೀರೆ. ನಾನು ಕಲಿಸಿದ್ದನ್ನೇ ಅವನು ಮಾಡಿದ.

ನೀನು ಸಭೆಯಲ್ಲಿ ಹೇಳಿದ್ದು ಸರಿ ಎಂದು ನಾನು ಹೇಳುವುದಿಲ್ಲ. ಹೊಟ್ಟೆಕಿಚ್ಚಿಗೆ ಹೇಳಿದೆ, ಅದನ್ನು ನೀನೇ ಹೊರಬೇಕು. ಆದರೆ ಅವನಿಗೆ ಗೊತ್ತಿಲ್ಲದ್ದನ್ನು ನೀನು ತೋರಿಸಿ ಕೊಂದೆ ಎಂದುಕೊಂಡು ಬದುಕಬೇಡ. ಅದು ಸುಳ್ಳು.

ಈಗ ಆಗಬೇಕಾದದ್ದು ಇಷ್ಟೇ. ಆ ಎರಡು ಪುಟ ತಪ್ಪು ಎಂದು ಅಚ್ಚು ಹಾಕಿಸು. ಆ ಹೇಮಂತ್ ಯಾರ ಮನೆಯ ಮಗನೋ, ಸುಡುವ ಮೋಟರ್ ನಂಬಿಕೊಂಡು ಕೂತಿದ್ದಾನೆ. ಮುದ್ದಮ್ಮನಿಗೆ ನಾನು ಹೇಳುತ್ತೇನೆ. ಹೇಗೆ ಎಂದು ಇನ್ನೂ ಗೊತ್ತಿಲ್ಲ.

ತಿಮ್ಮಯ್ಯ


ಭುವನೇಶ್ವರ
11 ಮಾರ್ಚ್ 2024

ಪೂಜ್ಯರೇ,

ಲೇಖನ ಕಳಿಸಿರಲಿಲ್ಲ. ನಿಮ್ಮ ಕಾಗದ ಓದಿದ ದಿನವೇ ಪ್ರೋಗ್ರಾಮನ್ನು ಮೊದಲಿನಿಂದ ಬರೆದೆ. ನಡುಕವನ್ನು ಹೆಜ್ಜೆಯ ನಡುವಿನಲ್ಲಿ ಅಳೆದೆ, ಕತ್ತರಿಸುವ ಸಾಲು ಬೇಕಾಗಲೇ ಇಲ್ಲ. ಮೂರು ವಾರ ಓಡಿಸಿದೆ. ಏನಾದರೂ ಉಳಿಯಬಹುದು, ನೂರರಲ್ಲಿ ಐದು ಪಾಲಾದರೂ ಉಳಿಯಬಹುದು ಎಂದು ಆಸೆ ಇತ್ತು. ಏನೂ ಉಳಿಯಲಿಲ್ಲ. ನಡುಕ ಹೆಚ್ಚಿದಷ್ಟೂ ಬಾಣ ಬೇಗ ಬೀಳುತ್ತದೆ, ಎಲ್ಲರಿಗೂ ಮೊದಲೇ ಗೊತ್ತಿದ್ದಷ್ಟೇ.

ಗೈಡ್ ಒಪ್ಪಲು ಒಂದು ತಿಂಗಳು ಹಿಡಿಯಿತು. ಹೇಮಂತ್‌ಗೆ ನಾನೇ ತಿಳಿಸಿದೆ. 'ಇನ್ನಾರು ತಿಂಗಳು ಬಿಟ್ಟು ಹೇಳಿದ್ದರೆ ಪ್ರಯೋಗದಲ್ಲೂ ಅದೇ ಬಂತು ಎಂದು ನಾನೂ ಸುಳ್ಳು ಹೇಳುತ್ತಿದ್ದೆ' ಎಂದ. ನನ್ನ ಪ್ರಬಂಧದ ಒಂದು ಅಧ್ಯಾಯವೂ ಆ ಎರಡು ಪುಟದ ಮೇಲೆ ನಿಂತಿತ್ತು. ಅದೂ ಹೋಯಿತು, ಹೋಗಬೇಕಾದದ್ದೇ.

ತಪ್ಪೊಪ್ಪಿಗೆ ಮೊನ್ನೆ ಅಚ್ಚಾಯಿತು. ಹಾಳೆ ಇದರ ಜೊತೆ ಇದೆ. ಅಮ್ಮನಿಗೆ ಓದಿ ಹೇಳಲು ಕನ್ನಡದಲ್ಲಿ ಬರೆಯುತ್ತೇನೆ: 'ನಮ್ಮ ಹಿಂದಿನ ಲೇಖನದ ಮುಖ್ಯ ಫಲಿತಾಂಶ ತಪ್ಪು. ಅದು ಲೆಕ್ಕದ ವಿಧಾನದಿಂದ ಹುಟ್ಟಿದ್ದು, ಅಯಸ್ಕಾಂತದಲ್ಲಿ ಇರುವಂಥದ್ದಲ್ಲ. ಯಾರೂ ಅದನ್ನು ಬಳಸಬಾರದು. ಈ ದೋಷವನ್ನು ಮೊದಲು ಗಮನಿಸಿದವರು ಟಿ. ಮಧುಕುಮಾರ್, 9 ಆಗಸ್ಟ್ 2022.' ಕಡೆಯ ವಾಕ್ಯ ಬೇಡವೆಂದು ಗೈಡ್ ಹೇಳಿದರು. ಅದು ನಿಜ ಎಂದೆ. ಅವನು ಮುಚ್ಚಿಟ್ಟದ್ದೂ ನಿಜ, ಮೊದಲು ಕಂಡದ್ದೂ ನಿಜ. ಒಂದನ್ನು ಬರೆದೆ.

ಪುಸ್ತಕಗಳನ್ನು ಬೇರೆ ಕಳಿಸಿದ್ದೇನೆ.

ಮೇಘಶ್ರೀ


ಬೇಲೂರು
2 ಏಪ್ರಿಲ್ 2024

ಮೇಘಶ್ರೀ,

ಹಾಳೆ ಬಂತು. ಮಧ್ಯಾಹ್ನ ಅಂಗಡಿ ಮುಚ್ಚಿ ಮನೆಗೆ ಹೋಗಿ ಮುದ್ದಮ್ಮನನ್ನು ಕೂರಿಸಿಕೊಂಡು ಓದಿದೆ. ಮೊದಲು ಅವನ ಹೆಸರು ಎಲ್ಲಿದೆ ಎಂದಳು. ತೋರಿಸಿದೆ, ಅದರ ಮೇಲೆ ಬೆರಳಿಟ್ಟುಕೊಂಡು ಕೇಳಿಸಿಕೊಂಡಳು. 'ತಪ್ಪಾಯ್ತು ಅಂತ ಹೇಳೋಕೂ ಅವನ ಹೆಸ್ರೇ ಬೇಕಾಯ್ತಾ' ಎಂದಳು. ನಾನು ಏನನ್ನೂ ಬಿಡದೆ ಹೇಳಿದೆ. ಸಭೆ, ನೀನು, ಹಳೇಬೀಡಿನವರ ಮೋಟರ್, ಎಲ್ಲ.

ಕಡೆಯ ವಾಕ್ಯ ಓದಿದಾಗ ಮುಖ ಸ್ವಲ್ಪ ಗೆಲುವಾಯಿತು. 'ನೋಡಿ, ನನ್ ಮಗನೇ ಕಂಡಿಡ್ದಿದ್ದು' ಎಂದಳು. ಆಮೇಲೆ ಹಾಳೆಯನ್ನು ಮಡಿಸಿ ಮಡಿಲಲ್ಲಿಟ್ಟುಕೊಂಡು, 'ಅಷ್ಟ್ ತಿಂಗ್ಳು ಒಬ್ನೇ ಇಟ್ಕೊಂಡಿದ್ನಾ? ಯಾರ್ ಹತ್ರಾನೂ ಬಾಯ್ಬಿಡ್ಲಿಲ್ವಾ? ಒಬ್ರಿಗಾದ್ರೂ ಹೇಳ್ಬಾರ್ದಿತ್ತಾ?' ಎಂದಳು.

ನಿನಗೆ ಇಷ್ಟು ಕಾಗದ ಬರೆದೆ, ಒಂದು ವಿಷಯ ಬರೆಯಲಿಲ್ಲ. ನಿನ್ನ ಮೇಲೆ ಸಿಟ್ಟು ಮಾಡಿಕೊಂಡಿದ್ದಾಗಲೂ ಬರೆಯಲಿಲ್ಲ, ನಿನಗೆ ಸಮಾಧಾನ ಹೇಳಿದಾಗಲೂ ಬರೆಯಲಿಲ್ಲ. ಕಳೆದ ವರ್ಷ ಏಪ್ರಿಲ್ ಒಂದು, ಶನಿವಾರ, ಬೆಳಿಗ್ಗೆ ಹನ್ನೊಂದಕ್ಕೆ ಮಧು ಅಂಗಡಿಗೆ ಫೋನ್ ಮಾಡಿದ್ದ. ಸುಟ್ಟ ಮೋಟರಿನ ಸ್ಟೇಟರಿನಿಂದ ಹಳೆಯ ತಂತಿ ಎಳೆಯುತ್ತಿದ್ದೆ. 'ಅಪ್ಪಾ, ಒಂದ್ ವಿಷ್ಯ ಹೇಳ್ಬೇಕು. ಬಾಳ ದಿವ್ಸದಿಂದ ಮುಚ್ಚಿಟ್ಟಿದೀನಿ' ಎಂದ. 'ಗಿರಾಕಿ ಅವ್ರೆ ಕಣ್ಲಾ, ಸಂಜೆ ಮಾಡು' ಎಂದೆ. 'ಆಯ್ತಪ್ಪ' ಎಂದ. ಸಂಜೆ ಅವನು ಮಾಡಲಿಲ್ಲ. ನಾನೂ ಮಾಡಲಿಲ್ಲ. ಭಾನುವಾರ ಅಂಗಡಿಗೆ ರಜೆ, ಆವತ್ತೂ ಮಾಡಲಿಲ್ಲ. ಸೋಮವಾರ ನಿಮ್ಮ ಹಾಸ್ಟೆಲಿನವರು ಮಾಡಿದರು.

ಇದನ್ನೂ ಮುದ್ದಮ್ಮನಿಗೆ ಹೇಳಿದೆ. 'ನಂಗ್ ಹೇಳೋಕೆ ಬಂದಿದ್ದ ಕಣೇ, ಗಿರಾಕಿ ಅವ್ರೆ ಅಂದ್ಬಿಟ್ಟೆ' ಎಂದೆ.

ಅವಳು ಅಳಲಿಲ್ಲ, ಬೈಯಲಿಲ್ಲ. 'ಯಾರದು ಗಿರಾಕಿ?' ಎಂದು ಕೇಳಿದಳು.

ಒಂದು ವರ್ಷದಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ, ಮೇಘಶ್ರೀ. ಯಾರೆಂದು ನೆನಪಿಗೆ ಬರುತ್ತಿಲ್ಲ.

ತಿಮ್ಮಯ್ಯ